ಸಿಪ್ಪಿ ಬ್ಯಾರೆ, ಎಂಜಲ ಬ್ಯಾರೆ



ಎರಡು ದಿನದಿಂದ ವಾಟ್ಸ್‌ಆ್ಯಪ್‌ನಾಗ ಒಂದೇ ವಿಡಿಯೋ ತಿರುಗಾಕತ್ತೈತಿ. ತರಕಾರಿ ಸಿಪ್ಪೆ ಎಸೆಯಬೇಡಿ, ಪೋಷಕಾಂಶವೆಲ್ಲ ಅದರಲ್ಲೇ ಇದೆ ಅಂತ ಒಬ್ಬರು ಹೊಳೆಯುವ ಅಡುಗೆಮನೆಯಲ್ಲಿ ನಿಂತು ಹೇಳ್ತಾರೆ. ಹೀರೇಕಾಯಿ ಸಿಪ್ಪೆ ಚಟ್ನಿಯನ್ನ ತಾವೇ ಕಂಡುಹಿಡಿದವರಂಗ ತೋರಿಸ್ತಾರೆ. ಇರ್ಲಿ. ಆದ್ರ ರಾಯಾಪುರದ ನಮ್ಮ ಗ್ರೂಪಿಗೆ ಅದನ್ನ ಕಳಿಸಿದವರು ಕೆಳಗೊಂದು ಸಾಲು ಸೇರಿಸಿದ್ದರು: "ಬಡವರಿಗೆ ಇದನ್ನ ಕಲಿಸಿದ್ರ ಅಪೌಷ್ಟಿಕತೆ ತಾನೇ ಹೋಗ್ತೈತಿ." ಈ ಪೋಸ್ಟ್ ಆ ಸಾಲಿಗೆ.

ಮೊದಲು ಒಂದು ಮಾತು ಒಪ್ಪಿಕೊಳ್ತೀನಿ. ವಿಡಿಯೋದಾಗ ಹೇಳಿದ್ದು ಪೂರ್ತಿ ಸುಳ್ಳಲ್ಲ. ಸಿಪ್ಪೆಯಲ್ಲಿ ನಾರಿನಂಶ ಜಾಸ್ತಿ. ಮಲಬದ್ಧತೆಗೂ ಸಕ್ಕರೆ ಕಾಯಿಲೆಗೂ ಅದು ಒಳ್ಳೇದು. ಮೂಲಂಗಿ ಗಡ್ಡೆಗಿಂತ ಅದರ ತಪ್ಪಲದಾಗ ಕ್ಯಾಲ್ಸಿಯಂ, ಕಬ್ಬಿಣ ಹೆಚ್ಚು. ಹೂಕೋಸಿನ ಎಲೆಯನ್ನ ಕಿತ್ತು ಒಗೀತೀವಿ, ಅದೂ ಸೊಪ್ಪೇ. ಕುಂಬಳಕಾಯಿ ಬೀಜದಾಗ ಪ್ರೋಟೀನ್, ಸತು ಎರಡೂ ಐತಿ. ಕಲ್ಲಂಗಡಿಯ ಬಿಳಿ ತಿರುಳು ಪಲ್ಯ ಆಗ್ತೈತಿ. ಇವನ್ನೆಲ್ಲ ನಮ್ಮವ್ವ ಯಾವ ಪುಸ್ತಕ ಓದಿ ಕಲಿತಿರಲಿಲ್ಲ. ಹೀರೇಕಾಯಿ ಸಿಪ್ಪೆ ಬಾಡಿಸಿ, ಹಸಿಮೆಣಸಿನಕಾಯಿ, ಬಳ್ಳೊಳ್ಳಿ, ಶೇಂಗಾ ಹಾಕಿ ಕಲ್ಲಾಗ ಕುಟ್ಟಿದರೆ ಎರಡು ರೊಟ್ಟಿ ಹೆಚ್ಚಿಗೆ ಹೋಗ್ತಿದ್ದವು. ಸಂತ್ಯಾಗ ಕಿತ್ತು ಒಗೆದ ಮೂಲಂಗಿ ತಪ್ಪಲವನ್ನೂ ಆಕೆ ಉಡಿ ತುಂಬ ತರ್ತಿದ್ದಳು. ಅವತ್ತು ಅದಕ್ಕ "ಬಡವರ ತಿನಿಸು" ಅಂತಿದ್ದರು. ಇವತ್ತು "ಝೀರೋ ವೇಸ್ಟ್" ಅಂತಾರ. ತಿನಿಸು ಅದೇ ಐತಿ, ತಿನ್ನೋ ಮಂದಿ ಬದಲಾಗ್ಯಾರ.

ಹಂಗಂತ ಸಿಪ್ಪೆಯಿಂದ ಅಪೌಷ್ಟಿಕತೆ ಹೋಗ್ತೈತೇನು? ಲೆಕ್ಕ ನೋಡ್ರಿ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ (2019-21) ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ 100ಕ್ಕೆ 65 ಮಕ್ಕಳಿಗೆ ರಕ್ತಹೀನತೆ. 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಹೆಚ್ಚುಕಡಿಮೆ ಅರ್ಧದಷ್ಟು ಹೆಣ್ಣುಮಕ್ಕಳಿಗೆ ರಕ್ತಹೀನತೆ. ಸೊಪ್ಪು-ಸಿಪ್ಪೆಯ ಕಬ್ಬಿಣ ಮೈಗೆ ಹತ್ತೋದು ಬಹಳ ಕಡಿಮೆ. ಲಿಂಬೆಹುಳಿ ಹಿಂಡಿದರೆ ಸ್ವಲ್ಪ ಜಾಸ್ತಿ ಹತ್ತತೈತಿ, ಊಟದ ಬೆನ್ನಿಗೇ ಚಹಾ ಕುಡಿದರೆ ಇನ್ನೂ ಕಡಿಮೆ. ಮಾಂಸ, ಮೀನಿನ ಕಬ್ಬಿಣ ಇದಕ್ಕಿಂತ ಸಲೀಸಾಗಿ ಹತ್ತತೈತಿ. ಬೆಳೆಯೋ ಮಗುವಿಗೆ ಬೇಕಾದ ಪ್ರೋಟೀನ್ ಮೊಟ್ಟೆ, ಬೇಳೆ, ಹಾಲು, ಮಾಂಸದಾಗ ಐತಿ, ಹೀರೇಕಾಯಿ ಸಿಪ್ಪೆಯಲ್ಲಲ್ಲ.

ಇನ್ನೊಂದು ಮಾತು ವಿಡಿಯೋದವರು ಹೇಳೋದಿಲ್ಲ. ಹೊಡೆದ ಔಷಧಿ ಮೊದಲು ಕೂರೋದು ಸಿಪ್ಪೆ ಮೇಲೆ. ತೊಳೆದರೆ ಮೇಲಿನದು ಸ್ವಲ್ಪ ಹೋಗ್ತೈತಿ, ಒಳಗ ಇಳಿದದ್ದು ಹೋಗೋದಿಲ್ಲ. ಹಸಿರಾದ, ಮೊಳಕೆ ಬಂದ ಆಲೂಗಡ್ಡೆಯ ಸಿಪ್ಪೆಯಲ್ಲಂತೂ ವಿಷವೇ ಇರ್ತೈತಿ. ಸಾವಯವ ತರಕಾರಿ ಕೊಳ್ಳೋರಿಗೆ ಸಿಪ್ಪೆ ಔಷಧ. ಸಂಜಿ ಕಡೀಗೆ ಉಳಿದ ರಾಶಿಯಿಂದ ಕೊಳ್ಳೋ ನಮ್ಮ ಮಂದಿಗೆ?

ರಾಯಾಪುರದಾಗ ಅಕ್ಷಯಪಾತ್ರೆಯ ದೊಡ್ಡ ಅಡುಗೆಮನೆ ಐತಿ. ಹುಬ್ಬಳ್ಳಿ-ಧಾರವಾಡದ ಶಾಲೆಗಳಿಗೆ ಬಿಸಿಯೂಟ ಅಲ್ಲಿಂದ ಹೋಗ್ತೈತಿ. ಹಸಿದ ಹೊಟ್ಟೆಗೆ ಊಟ ಮುಟ್ಟಿಸೋದು ದೊಡ್ಡ ಕೆಲಸ, ಅದನ್ನ ಅಲ್ಲಗಳೆಯಲ್ಲ. ಆದರ ಆ ಊಟದಾಗ ಉಳ್ಳಾಗಡ್ಡಿ, ಬಳ್ಳೊಳ್ಳಿ ಯಾಕಿಲ್ಲ ಅನ್ನೋ ಪ್ರಶ್ನೆಯನ್ನ ಈ ರಾಜ್ಯ ವರ್ಷಗಟ್ಟಲೆ ಕೇಳೇತಿ. 2021ರಲ್ಲಿ ಶಾಲೆಯಲ್ಲಿ ಮೊಟ್ಟೆ ಕೊಡ್ತೀವಿ ಅಂದಾಗ ಕೆಲವು ಮಠಾಧೀಶರು ವಿರೋಧ ಮಾಡಿದರು. 2024ರಲ್ಲಿ ವಾರಕ್ಕೆ 6 ದಿನ ಮೊಟ್ಟೆ ಅಂತ ಆಯ್ತು. ನಮ್ಮ ಮಕ್ಕಳ ತಟ್ಟೆಗೆ ಮೊಟ್ಟೆ ಬಂದರೆ ಗದ್ದಲ, ಸಿಪ್ಪೆ ಬಂದರೆ ಚಪ್ಪಾಳೆ. ಇದ್ಯಾವ ನ್ಯಾಯ?

ಬಾಬಾಸಾಹೇಬರು 1927ರ ಮಾರ್ಚ್‌ನಲ್ಲಿ ಮಹಾಡ್‌ನಾಗ ನಮ್ಮ ಜನಕ್ಕ ಹೇಳಿದರು: ಸತ್ತ ದನದ ಮಾಂಸ ಬಿಡ್ರಿ, ಬ್ಯಾರೆಯವರು ಎಸೆದ ತುಣುಕು ತಿನ್ನೋದು ಬಿಡ್ರಿ. ಓಂಪ್ರಕಾಶ್ ವಾಲ್ಮೀಕಿ ತಮ್ಮ ಆತ್ಮಕಥೆಗೆ 'ಜೂಠನ್' ಅಂತ ಹೆಸರಿಟ್ಟರು, ಅಂದರೆ ಎಂಜಲು. ಎಂಜಲ ಅಂದ್ರ ನಮಗ ಬರೀ ಪದ ಅಲ್ಲ. ಅದಕ್ಕೇ "ಬಡವರಿಗೆ ಸಿಪ್ಪೆ ಕಲಿಸ್ರಿ" ಅಂದಾಗ ಹೊಟ್ಟಿ ಉರೀತೈತಿ.

ಆದ್ರ ಸಿಟ್ಟಿನಾಗ ಅವ್ವನ ಚಟ್ನಿಯನ್ನ ನಾವೇ ಒಗಿಯೋದು ಬ್ಯಾಡ. ಸಿಪ್ಪಿ ಬ್ಯಾರೆ, ಎಂಜಲ ಬ್ಯಾರೆ. ನನ್ನ ದುಡಿಮೆಯಿಂದ ತಂದ ಕಾಯಿಯ ಸಿಪ್ಪೆ ನನ್ನ ಊಟ. ಇನ್ನೊಬ್ಬರು ಬ್ಯಾಡಂತ ಬಿಟ್ಟು, ಮೇಲಿನಿಂದ "ತಿನ್ನು" ಅಂತ ಕೊಟ್ಟದ್ದು ಎಂಜಲು. ನಮ್ಮ ಹುಡುಗರು ಈಗ ಮೂಲಂಗಿ ತಪ್ಪಲ ಅಂದ್ರ ನಾಚಿಕೊಂಡು, ಹತ್ತು ರೂಪಾಯಿ ಕುರಕುರಿ ಪ್ಯಾಕೆಟ್ ಹರೀತಾರ. ಆ ನಾಚಿಕೆ ನಮ್ಮದಲ್ಲ, ನಮ್ಮ ಮ್ಯಾಲೆ ಹೊರಿಸಿದ್ದು. ಅದನ್ನ ಇಳಿಸೋಣ.

ಕಡೀಗೆ ಮೂರು ಮಾತು.

ಒಂದು, ಧಾರವಾಡ ಕೃಷಿ ವಿಶ್ವವಿದ್ಯಾಲಯದಾಗ ಆಹಾರ-ಪೋಷಣೆ ಓದಿಸೋ ಸಮುದಾಯ ವಿಜ್ಞಾನ ಕಾಲೇಜೈತಿ. ಅಲ್ಲಿಯವರು ನಮ್ಮ ಓಣಿಗಳಿಗೆ ಬರಲಿ. ಕಲಿಸಾಕಷ್ಟೇ ಅಲ್ಲ, ನಮ್ಮ ಅವ್ವಂದಿರ ಕಡೆ ಕಲಿಯಾಕೂ ಬರಲಿ. ನಮ್ಮ ಸಂತೆಯ ತರಕಾರಿಯಲ್ಲಿ ಔಷಧಿ ಎಷ್ಟು ಉಳಿದೈತಿ ಅಂತ ಪರೀಕ್ಷಿಸಿ ಹೇಳಲಿ.

ಎರಡು, ಸಿಪ್ಪೆಯ ಹೆಸರು ಹೇಳಿ ಮೊಟ್ಟೆ, ಬೇಳೆ ಯಾವುದನ್ನೂ ಕಡಿತ ಮಾಡಬಾರದು.

ಮೂರು, ವಿಡಿಯೋ ಫಾರ್ವರ್ಡ್ ಮಾಡೋರಿಗೆ. ಒಲೆ ಹತ್ತಿರ ಇದ್ದಾಗ ಅಮೃತ ಅಂದ ಸಿಪ್ಪೆ, ಡಬ್ಬಿಗೆ ಬಿದ್ದ ಕೂಡ್ಲೆ ನಿಮಗ ಹೊಲಸು. ಅದರೊಳಗ ಡೈಪರ್, ಒಡೆದ ಗಾಜು ಸೇರಿಸಿ ಕೊಡ್ತೀರಿ. ಅದನ್ನ ಕೈಯಿಂದ ಬೇರೆ ಮಾಡೋರು ನಮ್ಮ ಪೌರಕಾರ್ಮಿಕ ಅಕ್ಕ-ಅಣ್ಣಂದಿರು. ಹಸಿ ಕಸ, ಒಣ ಕಸ ಮನೆಯಲ್ಲೇ ಬೇರೆ ಮಾಡಬೇಕು ಅಂತ 2016ರಿಂದ ನಿಯಮ ಐತಿ. ಸಿಪ್ಪೆ ತಿನ್ನದಿದ್ದರೂ ನಡೀತೈತಿ. ಬ್ಯಾರೆ ಮಾಡಿ ಕೊಡ್ರಿ. ಆಮೇಲೆ ನಮಗ ಪಾಠ ಹೇಳ್ರಿ.

ಜೈ ಭೀಮ್.