ಟ್ರಂಕಿನಲ್ಲಿ ಉಳಿದಿರುವ ಅಮಾನತ್ತು

ನಮ್ಮ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಕಡೆಯ ಎಷ್ಟೋ ಮನೆಗಳ ಟ್ರಂಕಿನಲ್ಲಿ ಸೀರೆಗಳ ಕೆಳಗೆ ಒಂದೆರಡು ವಿಡಿಯೊ ಕ್ಯಾಸೆಟ್ ಇರುತ್ತವೆ. ಯಾರದೋ ನಿಕಾಹ್, ಯಾರದೋ ಅಕೀಕಾ, ಹಜ್ಜಿಗೆ ಹೊರಟ ಅಜ್ಜನನ್ನು ಬೀಳ್ಕೊಟ್ಟ ದಿನ. ಅದನ್ನು ಹಚ್ಚಿ ನೋಡುವ ವಿಸಿಆರ್ ಮಾತ್ರ ಯಾವಾಗಲೋ ಗುಜರಿಗೆ ಹೋಗಿದೆ. ಈ ಕ್ಯಾಸೆಟ್‌ಗಳನ್ನು ನಾವೇ ಮನೆಯ ಕಂಪ್ಯೂಟರಿನಲ್ಲಿ ಟಿವಿಗೆ ಹಚ್ಚಿದರೆ ಓಡುವಂಥ ಡಿವಿಡಿ ಮಾಡಿಡಬೇಕು, ಅದೂ ಬರುವ ರಜೆಯಲ್ಲೇ ಮಾಡಬೇಕು ಎಂಬುದು ನನ್ನ ಅಭಿಪ್ರಾಯ.

ಲೆಕ್ಕಶಾಸ್ತ್ರದಲ್ಲಿ ನಾವು ಯಂತ್ರಕ್ಕೂ ಪೀಠೋಪಕರಣಕ್ಕೂ ಪ್ರತಿ ವರ್ಷ ಸವಕಳಿ ತೆಗೆಯುತ್ತೇವೆ. ಕ್ಯಾಸೆಟ್ಟಿಗೂ ಸವಕಳಿ ಇದೆ. ಪ್ಲಾಸ್ಟಿಕ್ ಪಟ್ಟಿಯ ಮೇಲೆ ಅಂಟಿಸಿದ ಕಾಂತೀಯ ಪುಡಿಯಲ್ಲಿ ಚಿತ್ರ ಇರುತ್ತದೆ. ಬೇಸಿಗೆಯ ಬಿಸಿಲು, ಮಳೆಗಾಲದ ತೇವ ಎರಡೂ ಅದಕ್ಕೆ ಆಗದು. ಅಂಟು ಸಡಿಲವಾಗುತ್ತದೆ, ಬಿಳಿ ಬೂಸ್ಟು ಹಿಡಿಯುತ್ತದೆ. ಯಂತ್ರ ಹಳೆಯದಾದರೆ ಹೊಸದನ್ನು ಕೊಳ್ಳಬಹುದು. ತೀರಿಹೋದ ಅಜ್ಜನ ನಗುವನ್ನು ಯಾವ ಅಂಗಡಿಯಲ್ಲಿ ಕೊಳ್ಳುವುದು?

ಕ್ಯಾಸೆಟ್ ಚೆನ್ನಾಗಿದ್ದರೂ ಅದನ್ನು ಓಡಿಸುವ ಯಂತ್ರ ಬೇಕಲ್ಲ. ವಿಎಚ್‌ಎಸ್ ಪ್ಲೇಯರ್ ತಯಾರಿಸುತ್ತಿದ್ದ ಕೊನೆಯ ದೊಡ್ಡ ಕಂಪನಿಯಾದ ಜಪಾನಿನ ಫುನಾಯ್ 2016ರ ಜುಲೈನಲ್ಲಿ ಅದನ್ನು ನಿಲ್ಲಿಸಿತು. ಸಣ್ಣ ಹ್ಯಾಂಡಿಕ್ಯಾಮ್‌ಗಳಿಗೆ ಹಾಕುತ್ತಿದ್ದ ಮಿನಿ ಡಿವಿ ಕ್ಯಾಸೆಟ್ಟನ್ನು ಸೋನಿ 2025ರಲ್ಲಿ ಕೈಬಿಟ್ಟಿತು. ಈಗ ಉಳಿದಿರುವುದು ಹಳೆಯ ಯಂತ್ರಗಳು ಮಾತ್ರ. ಅವುಗಳಲ್ಲಿ ಒಂದು ಕೆಟ್ಟರೆ ಒಂದು ಕಡಿಮೆಯಾದಂತೆ.

ಇನ್ನು ಮಲಪ್ರಭೆ. 2019ರ ಆಗಸ್ಟಿನಲ್ಲಿ ನವಿಲುತೀರ್ಥ ಅಣೆಕಟ್ಟಿನಿಂದ ನೀರು ಬಿಟ್ಟಾಗ ರಾಮದುರ್ಗ ತಾಲೂಕಿನಲ್ಲಿ ಮನೆಗಳಿಗೆ ನೀರು ನುಗ್ಗಿದ್ದನ್ನು ನಾವೆಲ್ಲ ಚಿಕ್ಕವರಿದ್ದಾಗ ಕಂಡಿದ್ದೇವೆ, ಕೇಳಿದ್ದೇವೆ. ಅಂಥ ಹೊತ್ತಿನಲ್ಲಿ ಜನ ಮಕ್ಕಳನ್ನೂ ದನಗಳನ್ನೂ ಕಾಗದಪತ್ರಗಳನ್ನೂ ಹೊತ್ತು ಓಡುತ್ತಾರೆ. ಕ್ಯಾಸೆಟ್ ಯಾರ ನೆನಪಿಗೂ ಬರುವುದಿಲ್ಲ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದಂತೆ ಆಮೇಲೆ ಹಳಹಳಿಸಿ ಪ್ರಯೋಜನವಿಲ್ಲ.

"ಈಗ ಎಲ್ಲವೂ ಮೊಬೈಲಿನಲ್ಲಿದೆ, ಡಿಸ್ಕ್ ಯಾರಿಗೆ ಬೇಕು?" ಎಂದು ಗೆಳೆಯರು ಕೇಳುತ್ತಾರೆ. ಮೊಬೈಲ್ ಒಬ್ಬರ ಕೈಯಲ್ಲಿರುವ ವಸ್ತು. ಕಳೆಯುತ್ತದೆ, ಒಡೆಯುತ್ತದೆ, ಪಾಸ್‌ವರ್ಡ್ ಮರೆತುಹೋಗುತ್ತದೆ. ಆ ಸಣ್ಣ ಪರದೆಯಲ್ಲಿ ನಾನಿಗೆ ಮುಖ ಕಾಣಿಸುವುದಿಲ್ಲ. ಟಿವಿಯ ಕೆಳಗೆ ಡಿವಿಡಿ ಪ್ಲೇಯರ್ ಇರುವ ಮನೆಗಳು ಇನ್ನೂ ಇವೆ. ಡಿಸ್ಕ್ ಹಾಕಿ ಒಂದು ಗುಂಡಿ ಒತ್ತಿದರೆ ಇಡೀ ಮನೆ ಕೂತು ನೋಡುತ್ತದೆ. ಇಂಟರ್‌ನೆಟ್ ಬೇಡ, ಮೊಮ್ಮಗನನ್ನು ಕರೆಯುವುದೂ ಬೇಡ.

ಇದಕ್ಕಿಂತ ದೊಡ್ಡ ಮಾತು ಪರ್ದೆಯದು. ನಮ್ಮ ಮನೆಗಳ ಮದುವೆ ವಿಡಿಯೊದಲ್ಲಿ ಹೆಣ್ಣುಮಕ್ಕಳ ಕಡೆಯ ಭಾಗ ಇರುತ್ತದೆ. ಅದನ್ನು ಗೊತ್ತಿಲ್ಲದ ಅಂಗಡಿಗೆ ಕೊಡಲು ತಾಯಂದಿರಿಗೆ ಮನಸ್ಸಾಗುವುದಿಲ್ಲ. ಯೂಟ್ಯೂಬಿಗೆ ಹಾಕುವ ಮಾತಂತೂ ದೂರ. ಹೀಗಾಗಿಯೇ ಎಷ್ಟೋ ಕ್ಯಾಸೆಟ್‌ಗಳು ಟ್ರಂಕಿನಲ್ಲೇ ಬೂಸ್ಟು ಹಿಡಿದಿವೆ. ಮನೆಯ ಕಂಪ್ಯೂಟರಿನಲ್ಲಿ ಮಾಡಿದರೆ ಚಿತ್ರ ಹೊಸ್ತಿಲು ದಾಟುವುದಿಲ್ಲ. ಹೆಣ್ಣುಮಕ್ಕಳೇ ಈ ಕೆಲಸ ಕಲಿತರೆ ಇನ್ನೂ ಒಳ್ಳೆಯದು. ಆದರೆ ಒಂದು ಶರತ್ತು. ಕ್ಯಾಸೆಟ್ಟಿನಲ್ಲಿ ಯಾರು ಇದ್ದಾರೋ ಅವರನ್ನು ಮೊದಲು ಕೇಳಬೇಕು. ಅಮ್ಮ, ಫೂಫಿ, ಖಾಲಾ ಬೇಡ ಎಂದ ಭಾಗವನ್ನು ಬಿಡಬೇಕು. ಅದು ನಮ್ಮ ಆಸ್ತಿಯಲ್ಲ, ನಮ್ಮ ಕೈಗೆ ಬಂದಿರುವ ಅಮಾನತ್ತು.

ಕೆಲಸ ಕಷ್ಟದ್ದಲ್ಲ, ತಾಳ್ಮೆಯದು. ವಿಸಿಆರ್ ಇರುವ ಬಂಧುಗಳಿಂದ ಅದನ್ನು ಎರವಲು ತರಬೇಕು. ಅದರ ಹಳದಿ, ಕೆಂಪು, ಬಿಳಿ ವೈರುಗಳನ್ನು ಯುಎಸ್‌ಬಿ ಕ್ಯಾಪ್ಚರ್ ಎಂಬ ಸಣ್ಣ ಸಾಧನದ ಮೂಲಕ ಕಂಪ್ಯೂಟರಿಗೆ ಜೋಡಿಸಬೇಕು. ಮೂರು ತಾಸಿನ ಕ್ಯಾಸೆಟ್ ಇಳಿಯಲು ಮೂರು ತಾಸು ಹಿಡಿಯುತ್ತದೆ, ಅವಸರ ಮಾಡಲು ಬರುವುದಿಲ್ಲ. ನಡುವೆ ಕರೆಂಟ್ ಹೋದರೆ ಮತ್ತೆ ಮೊದಲಿನಿಂದ, ಆದ್ದರಿಂದ ಯುಪಿಎಸ್ ಇರುವುದು ಮೇಲು.

ಬಹಳ ಜನ ಎಡವುವುದು ಮುಂದಿನ ಹೆಜ್ಜೆಯಲ್ಲಿ. ಎಂಪಿ4 ಫೈಲನ್ನು ಹಾಗೇ ಡಿಸ್ಕಿಗೆ ಹಾಕಿದರೆ ಅದು ಡೇಟಾ ಡಿಸ್ಕ್ ಆಗುತ್ತದೆ. ಕಂಪ್ಯೂಟರ್ ಅದನ್ನು ಓದುತ್ತದೆ, ಆದರೆ ಹಳೆಯ ಪ್ಲೇಯರ್ ಓದುವುದಿಲ್ಲ. ಪ್ಲೇಯರಿಗೆ ಬೇಕಾದದ್ದು ಎಂಪೆಗ್-2 ಎಂಬ ರೂಪ. ನಮ್ಮ ದೇಶದ ಪಾಲ್ ಪದ್ಧತಿಯಲ್ಲಿ ಅದರ ಅಳತೆ 720 ಅಡ್ಡ, 576 ಉದ್ದ, ಸೆಕೆಂಡಿಗೆ 25 ಚಿತ್ರ. ಡಿವಿಡಿ ಸ್ಟೈಲರ್ ಎಂಬ ಉಚಿತ ತಂತ್ರಾಂಶ ಈ ಬದಲಾವಣೆಯನ್ನೂ ಮಾಡಿ ಮೆನುವನ್ನೂ ಕಟ್ಟಿಕೊಡುತ್ತದೆ. ಡಿಸ್ಕಿನ ಮೇಲೆ 4.7 ಜಿಬಿ ಎಂದಿರುತ್ತದೆ, ಕಂಪ್ಯೂಟರ್ ಸುಮಾರು 4.38 ಎನ್ನುತ್ತದೆ. ಇದು ಮೋಸವಲ್ಲ. ತಯಾರಕರು ಒಂದು ಜಿಬಿಗೆ 100 ಕೋಟಿ ಬೈಟ್ ಹಿಡಿಯುತ್ತಾರೆ, ಕಂಪ್ಯೂಟರ್ ಸುಮಾರು 107 ಕೋಟಿ ಹಿಡಿಯುತ್ತದೆ. ಒಂದು ಡಿಸ್ಕಿಗೆ ಎರಡು ತಾಸಿನ ಚಿತ್ರ ಚೆನ್ನಾಗಿ ಕೂರುತ್ತದೆ. ಮೂರು ತಾಸಿನದನ್ನು ತುರುಕಿದರೆ ಮುಖಗಳು ಚೌಕ ಚೌಕವಾಗುತ್ತವೆ. ಎರಡು ಡಿಸ್ಕ್ ಮಾಡುವುದೇ ಜಾಣತನ. ಕಡಿಮೆ ವೇಗದಲ್ಲಿ ಬರೆದು, ಡಿಸ್ಕನ್ನು ಫೈನಲೈಜ್ ಮಾಡಿ, ಬೇರೆ ಮನೆಯ ಪ್ಲೇಯರಿನಲ್ಲಿ ಒಮ್ಮೆ ಹಚ್ಚಿ ನೋಡಬೇಕು.

ಒಂದು ಕಿವಿಮಾತು. ಆಗಿನ ಎಷ್ಟೋ ಮದುವೆ ವಿಡಿಯೊಗಳಲ್ಲಿ ಸ್ಟುಡಿಯೊದವರು ಸಿನಿಮಾ ಹಾಡು ತುಂಬಿ ಮನೆಯವರ ಮಾತನ್ನೇ ಅಳಿಸಿದ್ದಾರೆ. ನಾವು ಅದೇ ಕೆಲಸ ಮಾಡಬಾರದು. ಅಡುಗೆಯ ಗದ್ದಲ, ಮಕ್ಕಳ ಅಳು, ಅಜ್ಜಿಯರು ಅರ್ಧ ಉರ್ದು ಅರ್ಧ ಕನ್ನಡದಲ್ಲಿ ಬೀಗರನ್ನು ಚೇಷ್ಟೆ ಮಾಡುವ ಮಾತು, ಇವೇ ಆ ಕ್ಯಾಸೆಟ್ಟಿನ ಬೆಲೆ. ಅಂಥ ಮಾತು ಯಾವ ಪಠ್ಯಪುಸ್ತಕದಲ್ಲೂ ಇಲ್ಲ, ನಮ್ಮ ಬಾಯಲ್ಲೂ ಕಡಿಮೆಯಾಗುತ್ತಿದೆ. ಚೆನ್ನಮ್ಮನ ಸಮಾಧಿ ನಮ್ಮ ಬೈಲಹೊಂಗಲದಲ್ಲೇ ಇದೆ. 1824ರಲ್ಲಿ ಕಿತ್ತೂರಿನಲ್ಲಿ ನಡೆದದ್ದನ್ನು ಲಾವಣಿ ಹೇಳುತ್ತದೆ, ದಾಖಲೆ ಹೇಳುತ್ತದೆ, ಆದರೆ ಆಕೆಯ ದನಿ ಯಾರಿಗೂ ಕೇಳುವುದಿಲ್ಲ. ನಮ್ಮ ಅಜ್ಜಿಯರು ರಾಣಿಯರಲ್ಲ, ಆದರೆ ಅವರ ದನಿ ನಮ್ಮ ಹತ್ತಿರ ಇದೆ.

ಡಿಸ್ಕ್ ಕೂಡ ಶಾಶ್ವತವಲ್ಲ ಎಂಬುದು ನಿಜ. ಮನೆಯಲ್ಲಿ ಬರೆಯುವ ಡಿಸ್ಕಿನಲ್ಲಿ ಬಣ್ಣದ ಒಂದು ತೆಳು ಪದರ ಇರುತ್ತದೆ, ಬಿಸಿಲಿಗೆ ಅದು ಮಾಸುತ್ತದೆ. ಆದ್ದರಿಂದ ಡಬ್ಬಿಯಲ್ಲಿ ಹಾಕಿ ಕತ್ತಲಲ್ಲಿ ನಿಲ್ಲಿಸಿಡಬೇಕು, ಮೇಲೆ ಕಾಗದ ಅಂಟಿಸಬಾರದು. ಮೂಲ ಫೈಲನ್ನು ಹಾರ್ಡ್ ಡಿಸ್ಕಿನಲ್ಲೂ ಇಡಬೇಕು. ಎಲ್ಲಕ್ಕಿಂತ ಮುಖ್ಯ, ಪ್ರತಿಗಳು ಬೇರೆ ಬೇರೆ ಊರಿನಲ್ಲಿರಬೇಕು. ಕ್ಯಾಸೆಟ್ ಒಂದೇ ಇದ್ದಾಗ ಅದು ಒಬ್ಬ ಮಗನ ಮನೆಯಲ್ಲಿ ಉಳಿಯುತ್ತಿತ್ತು, ಮದುವೆಯಾಗಿ ಹೋದ ಹೆಣ್ಣುಮಕ್ಕಳಿಗೆ ಏನೂ ಇರುತ್ತಿರಲಿಲ್ಲ. ಖಾಲಿ ಡಿವಿಡಿಯ ಬೆಲೆ ಒಂದು ಪ್ಲೇಟ್ ಗಿರಮಿಟ್ಟಿನಷ್ಟು. ರಾಮದುರ್ಗದ ಅಕ್ಕನಿಗೊಂದು, ಸವದತ್ತಿಯ ತಂಗಿಗೊಂದು, ಕಿತ್ತೂರಿನ ಖಾಲಾಗೊಂದು ಕೊಟ್ಟರೆ ಒಂದು ಕಡೆ ನೀರು ಬಂದರೂ ಇನ್ನೊಂದು ಕಡೆ ಉಳಿಯುತ್ತದೆ. ತವರಿನ ನೆನಪಿನಲ್ಲಿ ಎಲ್ಲರಿಗೂ ಪಾಲು ಸಿಕ್ಕಂತೆಯೂ ಆಗುತ್ತದೆ.

ಇದಕ್ಕೆ ಕಾಲೇಜಿನಿಂದ ಒಂದು ಸಹಾಯ ಬೇಕು. ಕ್ಯಾಪ್ಚರ್ ಸಾಧನ ಎಲ್ಲರ ಮನೆಯಲ್ಲಿ ಇರುವುದಿಲ್ಲ. ಹೊಸ ಲ್ಯಾಪ್‌ಟಾಪ್‌ಗಳಿಗೆ ಡಿಸ್ಕ್ ಬರೆಯುವ ಡ್ರೈವೂ ಇರುವುದಿಲ್ಲ. ಗ್ರಂಥಾಲಯದವರು ಇವೆರಡನ್ನೂ ಒಂದೊಂದು ತಂದಿಟ್ಟು, ಪುಸ್ತಕದಂತೆ ಒಂದು ವಾರಕ್ಕೆ ಎರವಲು ಕೊಡಲಿ. ಕ್ಯಾಸೆಟ್ ಕಾಲೇಜಿಗೆ ಬರುವುದು ಬೇಡ, ಸಾಧನ ಮನೆಗೆ ಹೋಗಲಿ. ಕಂಪ್ಯೂಟರ್ ಗೊತ್ತಿರುವ ವಿದ್ಯಾರ್ಥಿಗಳು ಒಂದು ಶನಿವಾರ ಉಳಿದವರಿಗೆ ಕಲಿಸಲಿ. ಅಷ್ಟರಲ್ಲಿ ನೀವು ಮಾಡಬೇಕಾದದ್ದು ಇಷ್ಟೇ: ಇವತ್ತು ಮನೆಗೆ ಹೋದ ಮೇಲೆ ಟ್ರಂಕಿನ ತಳದಲ್ಲಿ ಏನಿದೆ ಎಂದು ಅಮ್ಮನನ್ನು ಕೇಳಿ.