ಕುಲುಮೆಗೆ ಬೇಕು ಮಗ್ಗುಲು ಹೊರಳುವ ಸಾಣೆ ಯಂತ್ರ

ಸಿಂಧನೂರು, ಮಸ್ಕಿ ಕಡೆಯ ಕಾಲುವೆ ನೀರಿನ ಗದ್ದೆಗಳಲ್ಲಿ ಭತ್ತದ ಕೊಯ್ಲು ಯಂತ್ರದ ಪಾಲಾದ ಮೇಲೆ ಕಮ್ಮಾರರ ಕುಡುಗೋಲಿಗೆ ಮೊದಲಿನ ಗಿರಾಕಿ ಉಳಿದಿಲ್ಲ. ಹಾಗೆಂದು ಕುಲುಮೆಯ ಕೆಲಸ ಮುಗಿಯಿತು ಎನ್ನುವಂತಿಲ್ಲ. ಮುದಗಲ್, ಲಿಂಗಸುಗೂರು ಸುತ್ತಿನ ಮಳೆಯಾಶ್ರಿತ ಹೊಲಗಳಲ್ಲಿ ಜೋಳ, ಸಜ್ಜೆ, ದನದ ಮೇವು ಕೊಯ್ಯಲು ಕುಡುಗೋಲು ಇಂದಿಗೂ ಬೇಕು. ಮಟನ್ ಅಂಗಡಿಗೆ ಮಚ್ಚು, ಹೋಟೆಲಿಗೆ ಚಾಕು, ಮನೆಗೆ ಈಳಿಗೆ ಬೇಕು. ಲಾರಿಯ ಹಳೆಯ ಕಮಾನು ಪಟ್ಟಿಯನ್ನು ಕಾಯಿಸಿ, ಬಡಿದು, ಹದ ಕೊಟ್ಟು ಮಾಡಿದ ಅಲಗು ಪೇಟೆಯ ಎಷ್ಟೋ ಚಾಕುಗಳಿಗಿಂತ ಹೆಚ್ಚು ದಿನ ಬಾಳುತ್ತದೆ. ಅದು ಸೋಲುವುದು ಕೊನೆಯ ಹಂತದಲ್ಲಿ, ಸಾಣೆಯಲ್ಲಿ. ಕೈಯಿಂದ ಅರ ಹಾಕಿದ ಚಾಕುವಿನ ಮೈ ಕಾರ್ಖಾನೆಯ ಚಾಕುವಿನಷ್ಟು ಸಮನಾಗಿ ಕಾಣುವುದಿಲ್ಲ, ಒಂದೊಂದಕ್ಕೂ ಹಿಡಿಯುವ ಹೊತ್ತು ಬೆಲೆಯಲ್ಲಿ ಗಿಟ್ಟುವುದಿಲ್ಲ. ಆದ್ದರಿಂದ ಬೆಲ್ಟ್ ಗ್ರೈಂಡರ್ ಕೊಳ್ಳುವ ವಿಚಾರ ಸರಿಯಾದದ್ದೇ. ಯಾವುದನ್ನು ಕೊಳ್ಳಬೇಕು ಎಂಬಲ್ಲಿ ಮಾತ್ರ ಅನೇಕರು ಮೋಟಾರಿನ ಅಶ್ವಶಕ್ತಿ ನೋಡಿ ನಿರ್ಧರಿಸುತ್ತಾರೆ. ನೋಡಬೇಕಾದದ್ದು ಬೇರೆ ಎರಡು ಸಂಗತಿ: ಯಂತ್ರ ಮಗ್ಗುಲಿಗೆ ಹೊರಳುತ್ತದೆಯೇ, ಅದರ ವೇಗವನ್ನು ಇಳಿಸಲು ಬರುತ್ತದೆಯೇ.

ಸಾಮಾನ್ಯ ಬೆಲ್ಟ್ ಗ್ರೈಂಡರಿನಲ್ಲಿ ಬೆಲ್ಟು ಮೇಲಿಂದ ಕೆಳಕ್ಕೆ ಓಡುತ್ತದೆ. ಅಲಗಿನ ಇಳಿಜಾರು ತೆಗೆಯಲು ಅದೇ ಸರಿ. ಇಡೀ ಚೌಕಟ್ಟನ್ನು 90 ಡಿಗ್ರಿ ಹೊರಳಿಸಿದರೆ ಬೆಲ್ಟು ನೆಲಕ್ಕೆ ಸಮಾನಾಂತರವಾಗಿ, ಅಂಚಿನ ಮೇಲೆ ನಿಂತು ಓಡುತ್ತದೆ. ಆಗ ಕೆಲಸದ ವಸ್ತುವನ್ನು ಪುಟ್ಟ ಮೇಜಿನ ಮೇಲೆ ಅಂಗಾತ ಇಟ್ಟು, ಎರಡೂ ಕೈಯಿಂದ ಒತ್ತಿ, ಎಲ್ಲಿ ಎಷ್ಟು ಸವೆಯುತ್ತಿದೆ ಎಂಬುದನ್ನು ಮೇಲಿನಿಂದ ನೇರವಾಗಿ ನೋಡುತ್ತ ತಿರುಗಿಸಬಹುದು. ನಮ್ಮ ಭಾಗದ ಸರಕಿಗೆ ಇದರಷ್ಟು ಒಪ್ಪುವುದು ಇನ್ನೊಂದಿಲ್ಲ. ಕುಡುಗೋಲಿನ ಒಳಬಾಗು, ಚಾಕು ಹಿಡಿಕೆಗೆ ಸೇರುವ ಕಡೆಯ ಬೆರಳಿನ ಸಂದು, ಹಿಡಿಕೆಯ ಕೆಳಗಿನ ಡೊಂಕು, ಇವು ಯಾವುವೂ ಅಗಲವಾದ ಚಪ್ಪಟೆ ಬೆಲ್ಟಿಗೆ ದಕ್ಕುವುದಿಲ್ಲ. ಒಂದಿಂಚಿನ ಸಣ್ಣ ಗಾಲಿಯ ಮೇಲೆ ಬೆಲ್ಟು ಸುತ್ತಿ ಬರುವ ಜಾಗದಲ್ಲೇ ಅವುಗಳ ಕೆಲಸ ಆಗಬೇಕು. ನಿಂತ ಯಂತ್ರದಲ್ಲಿ ಅದೇ ಗಾಲಿಗೆ ಕುಡುಗೋಲನ್ನು ಒಡ್ಡಿದರೆ ಅದನ್ನು ಗಾಳಿಯಲ್ಲಿ ಎತ್ತಿ ಹಿಡಿಯಬೇಕು, ಸವೆಯುವ ಅಂಚು ಕಣ್ಣಿಗೆ ಮರೆಯಾಗುತ್ತದೆ. ಇನ್ನೊಂದು ಮಾತು: ಕುಲುಮೆಯಲ್ಲಿ ಕುಳಿತೇ ಕೆಲಸ ಮಾಡಿ ರೂಢಿಯಾದವರಿಗೆ ಗಿಡ್ಡ ಮೇಜಿನ ಮೇಲೆ ಅಡ್ಡ ಮಲಗಿದ ಯಂತ್ರ ಎದೆಮಟ್ಟಕ್ಕೆ ಸಿಗುತ್ತದೆ.

ಆದರೆ ಸಣ್ಣ ಗಾಲಿ ಬಂದ ಕೂಡಲೇ ವೇಗದ ಪ್ರಶ್ನೆ ಬರುತ್ತದೆ. ನಿಮಿಷಕ್ಕೆ 2,880 ಸುತ್ತಿನ ಮೋಟಾರಿಗೆ 100 ಮಿ.ಮೀ. ವ್ಯಾಸದ ಚಾಲಕ ಗಾಲಿ ಹಾಕಿದರೆ ಬೆಲ್ಟು ಸೆಕೆಂಡಿಗೆ 15 ಮೀಟರ್ ಓಡುತ್ತದೆ. ಅದೇ ಬೆಲ್ಟಿನ ಕೆಳಗೆ 25 ಮಿ.ಮೀ. ಗಾಲಿ ನಿಮಿಷಕ್ಕೆ 11,000ಕ್ಕೂ ಹೆಚ್ಚು ಸಲ ತಿರುಗಬೇಕಾಗುತ್ತದೆ. ಗಾಲಿಯ ಬೇರಿಂಗ್ ಬೇಗ ಕಾದು ಕೆಡುತ್ತದೆ. ಅದಕ್ಕಿಂತ ದೊಡ್ಡ ನಷ್ಟ ಅಲಗಿನದು. ಹದ ಕೊಟ್ಟ ಉಕ್ಕಿನ ತೆಳು ಅಂಚು ಬಿಸಿಯಾದರೆ ಮೊದಲು ಒಣಹುಲ್ಲಿನ ಬಣ್ಣ, ಆಮೇಲೆ ಕಂದು, ನೇರಳೆ, ಸುಮಾರು 300 ಡಿಗ್ರಿ ಸೆಲ್ಸಿಯಸ್ ಹೊತ್ತಿಗೆ ನೀಲಿ ಓಡುತ್ತದೆ. ಚಾಕುವಿನ ಬಾಯಿಗೆ ನೀಲಿ ಬಂದಿತೆಂದರೆ ಅಷ್ಟು ಭಾಗದ ಹದ ಹೋಯಿತು. ಉಜ್ಜಿ ಬಣ್ಣ ತೆಗೆಯಬಹುದು, ಗಡಸುತನ ಮರಳಿ ಬರುವುದಿಲ್ಲ. ಕೊಂಡವರು ನಾಲ್ಕು ದಿನಕ್ಕೇ ಮೊಂಡಾಯಿತೆಂದು ಬೈಯುತ್ತಾರೆ. ಬೆಲ್ಟನ್ನು ನಿಧಾನಕ್ಕೆ ಓಡಿಸಿ, ಅದು ಹೊಸದಾಗಿ ಹರಿತವಿದ್ದಾಗಲೇ ಬಳಸಿ, ಎರಡು ಎಳೆತಕ್ಕೊಮ್ಮೆ ಅಲಗನ್ನು ನೀರಿಗೆ ಅದ್ದುವುದೊಂದೇ ದಾರಿ. ಅದಕ್ಕಾಗಿ ವಿಎಫ್‌ಡಿ ಎನ್ನುವ ವೇಗ ನಿಯಂತ್ರಕ ಬೇಕು. ಅದರಿಂದ ಇನ್ನೊಂದು ಲಾಭವೂ ಇದೆ: ಮನೆಯ 230 ವೋಲ್ಟ್ ಸಿಂಗಲ್ ಫೇಸ್ ಕರೆಂಟು ತೆಗೆದುಕೊಂಡು ಅದು ತ್ರೀ ಫೇಸ್ ಮೋಟಾರನ್ನು ಓಡಿಸುತ್ತದೆ, ಶುರುವಿನಲ್ಲಿ ಒಮ್ಮೆಗೇ ಕರೆಂಟು ಎಳೆಯದೆ ಮೆಲ್ಲಗೆ ಎಬ್ಬಿಸುತ್ತದೆ. ಮೂರು ಅಶ್ವಶಕ್ತಿಯ ಒಂದೇ ವೇಗದ ಯಂತ್ರಕ್ಕಿಂತ ಒಂದೂವರೆ ಅಶ್ವಶಕ್ತಿಯ, ವೇಗ ಇಳಿಯುವ ಯಂತ್ರ ನಮ್ಮ ಕುಲುಮೆಗೆ ಮೇಲು.

ಬೆಲ್ಟಿನ ಅಳತೆ 2 ಇಂಚು ಅಗಲ, 72 ಇಂಚು ಉದ್ದವಿರಲಿ. ಚಾಕು ಮಾಡುವವರು ಜಗತ್ತಿನಾದ್ಯಂತ ಹೆಚ್ಚಾಗಿ ಬಳಸುವುದು ಅದನ್ನೇ, ಎಲ್ಲ ಬಗೆಯ ಕಾಳಿನ ಬೆಲ್ಟುಗಳೂ ಆ ಅಳತೆಯಲ್ಲಿ ಸಿಗುತ್ತವೆ. ಮೋಟಾರು ಪೂರ್ತಿ ಮುಚ್ಚಿದ್ದಾಗಿರಬೇಕು, ಏಕೆಂದರೆ ಮಲಗಿಸಿದಾಗ ದೂಳು ಸೀದಾ ಅದರ ಮೈಮೇಲೆಯೇ ಬೀಳುತ್ತದೆ.

ಕೆಲವೇ ಸಾವಿರದ ಕೈ ಗ್ರೈಂಡರ್ ಇರುವಾಗ ಇದೇಕೆ ಎಂಬ ಪ್ರಶ್ನೆ ಸಹಜ. 100 ಮಿ.ಮೀ. ಡಿಸ್ಕು ನಿಮಿಷಕ್ಕೆ 11,000 ಸುತ್ತು ತಿರುಗಿದರೆ ಅದರ ಅಂಚಿನ ವೇಗ ಸೆಕೆಂಡಿಗೆ 57 ಮೀಟರ್ ದಾಟುತ್ತದೆ. ಕಮಾನು ಪಟ್ಟಿ ಕತ್ತರಿಸಲು ಅದು ಬೇಕು, ಹದವಾದ ಅಲಗಿನ ಬಾಯಿಗೆ ಬೇಡ. ಅಡ್ಡ ಯಂತ್ರದಿಂದ ಅಲಗಿನ ಇಳಿಜಾರು ಸರಿಯಾಗಿ ಬರುವುದಿಲ್ಲ ಎನ್ನುವ ಆಕ್ಷೇಪ ಇನ್ನೂ ಗಟ್ಟಿಯಾದದ್ದು, ಅದನ್ನು ಒಪ್ಪಲೇಬೇಕು. ಸದಾ ಮಲಗಿಯೇ ಇರುವ ಯಂತ್ರ ಎರಡನೆಯದಾಗಿ ಕೊಳ್ಳುವಂಥದ್ದು. ಒಂದಕ್ಕೇ ಹಣವಿರುವವರು ನಿಲ್ಲಲೂ ಮಲಗಲೂ ಬರುವ ಚೌಕಟ್ಟನ್ನೇ ಆರಿಸಬೇಕು. ಮಲಗಿದಾಗ ಕಿಡಿ ಕೆಳಕ್ಕೆ ಬೀಳದೆ ಅಡ್ಡಕ್ಕೆ ಹಾರುತ್ತದೆ ಎಂಬುದೂ ನಿಜ. ಕಿಡಿ ಹಾರುವ ದಿಕ್ಕಿಗೆ ಗೋಡೆ, ಗೋಡೆಯ ಬುಡಕ್ಕೆ ನೀರಿನ ತೊಟ್ಟಿ ಇರಬೇಕು, ಹಿಡಿಕೆಯ ಮರದ ಹೊಟ್ಟು ಅಲ್ಲಿ ಸೇರಬಾರದು. ಮೂಗಿಗೆ ಬಟ್ಟೆ ಕಟ್ಟಿದರೆ ಸಾಲದು, ದೂಳು ತಡೆಯುವ ಸರಿಯಾದ ಮಾಸ್ಕ್ ಬೇಕು. ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ 19ನೇ ಶತಮಾನದಲ್ಲಿ ಮರಳುಗಲ್ಲಿನ ಸಾಣೆಯ ಮುಂದೆ ಕುಳಿತವರು ಎದೆಯ ರೋಗದಿಂದ ಚಿಕ್ಕ ವಯಸ್ಸಿಗೇ ಸತ್ತರು, ನೀರಿಲ್ಲದೆ ಒಣ ಸಾಣೆ ಹಿಡಿದವರು ಎಲ್ಲರಿಗಿಂತ ಮೊದಲು. ಇಂದಿನ ಬೆಲ್ಟಿನಲ್ಲಿ ಮರಳುಗಲ್ಲಿಲ್ಲ, ಆದರೂ ಉಕ್ಕಿನ ನುಣ್ಣನೆಯ ದೂಳು ಉಸಿರಿಗೆ ಒಳ್ಳೆಯದಲ್ಲ.

ಯಂತ್ರ ಬಂದರೆ ಕೈಕಸುಬು ಹೋಗುತ್ತದೆ ಎಂಬ ಅಳುಕಿಗೆ ಈ ನೆಲದಲ್ಲೇ ಉತ್ತರವಿದೆ. ಮುದಗಲ್ ಹತ್ತಿರದ ಪಿಕಳಿಹಾಳದಲ್ಲಿ ಪುರಾತತ್ವಜ್ಞ ಆಲ್ಚಿನ್ ಅವರ ಉತ್ಖನನ ತೋರಿಸಿದ ನವಶಿಲಾಯುಗದ ಜನ ಕಲ್ಲಿನ ಕೊಡಲಿಯನ್ನು ಉಜ್ಜಿ ನಯಗೊಳಿಸುತ್ತಿದ್ದರು. ಮಸ್ಕಿಯಲ್ಲಿ ಆಮೇಲಿನ ಕಾಲದ ಕಬ್ಬಿಣ ಸಿಕ್ಕಿದೆ. ಉಜ್ಜುವ ಸಾಧನ ಪ್ರತಿ ಕಾಲದಲ್ಲೂ ಬದಲಾಗಿದೆ. ಕಾವಿನ ಬಣ್ಣ ನೋಡಿ ಹದ ಹಿಡಿಯುವ ಕಣ್ಣು ಬೆಲ್ಟಿನಿಂದ ಬರುವುದಿಲ್ಲ, ಹೋಗುವುದೂ ಇಲ್ಲ.

ಉಳಿದದ್ದು ಹಣ. 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕಮ್ಮಾರಿಕೆಯೂ ಸೇರಿದೆ. ಅದರ 15,000 ರೂಪಾಯಿ ಸಲಕರಣೆ ನೆರವಿನಲ್ಲಿ ಇಂಥ ಯಂತ್ರ ಬರುವುದಿಲ್ಲ. ಶೇ 5ರ ಬಡ್ಡಿಯ ಮೊದಲ ಸಾಲ 1 ಲಕ್ಷ ರೂಪಾಯಿಯವರೆಗೆ ಇದೆ, ತೀರಿಸಲು 18 ತಿಂಗಳು. ಪೂರ್ತಿ ಪಡೆದರೆ ಕಂತು ತಿಂಗಳಿಗೆ ಸುಮಾರು 5,780 ರೂಪಾಯಿ. ಸುಗ್ಗಿಯಲ್ಲಿ ಮಾತ್ರ ಕೈತುಂಬ ಕೆಲಸವಿರುವ ಒಬ್ಬರಿಗೆ ಅದು ಭಾರ, ಮೂವರು ಕೂಡಿ ಒಂದು ಯಂತ್ರ ಇಟ್ಟುಕೊಂಡರೆ ಹೊರಬಹುದು. ಯೋಜನೆಯ ತರಬೇತಿಯ ದಿನಗಳಲ್ಲೇ ಇಂಥದೊಂದು ಯಂತ್ರವನ್ನು ಎದುರಿಗಿಟ್ಟು, ಕಮ್ಮಾರರು ತಾವೇ ಬಡಿದ ಕುಡುಗೋಲನ್ನು ಅದರ ಸಣ್ಣ ಗಾಲಿಗೆ ಒಡ್ಡಿ ನೋಡುವ ಅವಕಾಶ ಕೊಡಬೇಕು, ಸಾಲದ ಅರ್ಜಿಗೆ ಸಹಿ ಬೀಳುವ ಮೊದಲು.