ಕ್ರಿಸ್‌ಮಸ್ ನಾನ್‌ಖಟಾಯಿಗೆ ಹೋದ ಹಾಲಿನ ಲೆಕ್ಕ

ಕಳೆದ ವಾರ ಬೆಳಿಗ್ಗೆ ಸಂಘದ ಜಗಲಿಯಲ್ಲಿ ಕ್ಯಾನು ಇಟ್ಟುಕೊಂಡು ಸಾಲಿನಲ್ಲಿ ನಿಂತಿದ್ದೆ. ಹಿಂದಿನಿಂದ ಒಬ್ಬರು ಕೇಳಿದರು: "ಅಕ್ಕಾ, ಈ ಸಲವೂ ಕ್ರಿಸ್‌ಮಸ್‌ಗೆ ನಾನ್‌ಖಟಾಯಿ ಮಾಡ್ತೀರಲ್ಲ? ನನ್ನ ತಂಗಿಯ ಮನೆಗೆ ಎರಡು ಕಿಲೋ ಬೇಕಿತ್ತು. ಹೋದ ವರ್ಷದ ರೇಟೇ ಅಲ್ವಾ?"

"ಇಲ್ಲ ಮಾರಾಯ್ತಿ, ಈ ಸಲ ಕಿಲೋಗೆ ಐನೂರು" ಅಂದೆ.

"ಐನೂರಾ? ಮನೆಯದೇ ತುಪ್ಪ ಅಲ್ವಾ ನಿಮ್ಮದು?"

ಸಾಲಿನಲ್ಲಿದ್ದ ನಾಲ್ಕೈದು ಮಂದಿ ನಕ್ಕರು. ನಾನೂ ನಕ್ಕೆ. ಆದರೆ ಮನೆಗೆ ಬಂದು ಹಟ್ಟಿ ಗುಡಿಸುವಾಗಲೂ ಆ ಮಾತು ತಲೆಯಿಂದ ಹೋಗಲಿಲ್ಲ. ಕಳೆದ ವರ್ಷ ನಾನೂ ಹೀಗೆಯೇ ಅಂದುಕೊಂಡಿದ್ದೆ. ಮನೆಯದೇ ಹಾಲು, ಮನೆಯದೇ ತುಪ್ಪ, ಖರ್ಚೇನು ಅಂತ. ಹಾಗೆ ಅಂದುಕೊಂಡು ಎಷ್ಟು ಕಳೆದುಕೊಂಡೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ಈ ಡಿಸೆಂಬರಿನಲ್ಲಿ ನಮ್ಮ ಸಂಘಗಳ ಎಷ್ಟೋ ಹೆಂಗಸರು ಇದೇ ಕೆಲಸಕ್ಕೆ ಕೈಹಾಕುತ್ತಾರೆ ಎಂದು ಗೊತ್ತು.

ನಮ್ಮ ಕರಾವಳಿಯಲ್ಲಿ ಕ್ರಿಸ್‌ಮಸ್ ಅಂದರೆ ಕುಸ್ವಾರ್. ಕೊಂಕಣಿ ಮಾತಾಡುವ ಕ್ರೈಸ್ತರ ಮನೆಗಳಲ್ಲಿ ಡಿಸೆಂಬರ್ ಮೂರನೇ ವಾರಕ್ಕೆ ಡಬ್ಬಿ ಡಬ್ಬಿ ತಿಂಡಿ ಸಿದ್ಧವಾಗುತ್ತದೆ. ಹೂವಿನ ಅಚ್ಚನ್ನು ಹಿಟ್ಟಿನಲ್ಲಿ ಅದ್ದಿ ಎಣ್ಣೆಗೆ ಬಿಡುವ ಕೊಕ್ಕಿಸಾಂ, ಬಾಚಣಿಗೆಯ ಮೇಲೋ ಮುಳ್ಳುಚಮಚದ ಬೆನ್ನಿನ ಮೇಲೋ ಉರುಳಿಸಿ ಮಾಡುವ ಕಿಡಿಯೊ, ಹೂರಣ ತುಂಬಿದ ನೆವ್ರ್ಯೊ, ಗುಳಿಯೊ, ಚಕ್ಕುಲಿ, ಲಾಡು. ನಿಜ ಹೇಳಬೇಕೆಂದರೆ ಇವುಗಳಲ್ಲಿ ಹೆಚ್ಚಿನದಕ್ಕೆ ಬೀಳುವುದು ತೆಂಗಿನ ಹಾಲು, ನಮ್ಮ ಹಸುವಿನ ಹಾಲಲ್ಲ. ಬೇಯುವುದೂ ಎಣ್ಣೆಯಲ್ಲಿ. ನಮ್ಮ ಹಾಲು ಆ ತಟ್ಟೆಗೆ ಮುಖ್ಯವಾಗಿ ಬರುವುದು ಎರಡು ದಾರಿಯಿಂದ: ಕೇಕಿನ ಬೆಣ್ಣೆ, ನಾನ್‌ಖಟಾಯಿಯ ತುಪ್ಪ. ಪಕ್ಕದ ಮನೆಯ ಬಾಯಮ್ಮ ಮೊದಲು ಎಲ್ಲವನ್ನೂ ತಾವೇ ಮಾಡುತ್ತಿದ್ದರು. ಈಗ ಮಕ್ಕಳು ದುಬೈಯಲ್ಲಿ, ಅವರಿಗೆ ಮಂಡಿನೋವು. ನಾಲ್ಕು ವರ್ಷದ ಹಿಂದೆ ನನ್ನನ್ನು ಕರೆದು, "ನಾನ್‌ಖಟಾಯಿ ಮಾತ್ರ ನೀನು ಮಾಡಿಕೊಡು, ನಿನ್ನಲ್ಲಿ ತುಪ್ಪ ಇದೆಯಲ್ಲ" ಅಂದರು. ಕಲಿಸಿದವರೂ ಅವರೇ.

ಮನೆಯಲ್ಲಿ ಓವನ್ ಇಲ್ಲ. ಕುಕ್ಕರಿನ ತಳಕ್ಕೆ ಎರಡು ಬೊಗಸೆ ಕಲ್ಲುಪ್ಪು ಹರಡಿ, ಅದರ ಮೇಲೊಂದು ಕುಕ್ಕೆ ಇಟ್ಟು, ಮುಚ್ಚಳದ ರಬ್ಬರನ್ನೂ ವಿಸಿಲನ್ನೂ ತೆಗೆದು, ಹತ್ತು ನಿಮಿಷ ಖಾಲಿ ಕಾಯಿಸಿ, ಆಮೇಲೆ ತಟ್ಟೆ ಇಳಿಸುವುದು. ರಬ್ಬರು, ವಿಸಿಲು ತೆಗೆಯಲು ಮಾತ್ರ ಮರೆಯಬೇಡಿ. ಒಂದು ಸಲಕ್ಕೆ ಎಂಟು ಹಿಡಿಯುತ್ತದೆ, ಸಣ್ಣ ಉರಿಯಲ್ಲಿ ಇಪ್ಪತ್ತು ನಿಮಿಷ. ಅಳತೆಯನ್ನೂ ಹೇಳಿಬಿಡುತ್ತೇನೆ: ಮೈದಾ 200 ಗ್ರಾಂ, ಕಡಲೆ ಹಿಟ್ಟು 50 ಗ್ರಾಂ, ಸಕ್ಕರೆ ಪುಡಿ 140 ಗ್ರಾಂ, ತುಪ್ಪ 150 ಗ್ರಾಂ, ಚಿಟಿಕೆ ಅಡುಗೆ ಸೋಡಾ, ಏಲಕ್ಕಿ. ತುಪ್ಪ ಕರಗಿ ನೀರಾಗಿರಬಾರದು, ಮರಳು ಮರಳಾಗಿ ಗಟ್ಟಿಯಿರಬೇಕು. ನಮ್ಮೂರ ಸೆಕೆಗೆ ಡಿಸೆಂಬರಿನಲ್ಲೂ ತುಪ್ಪ ಕರಗುವುದುಂಟು. ಆಗ ಪಾತ್ರೆಯನ್ನು ತಣ್ಣೀರಿನಲ್ಲಿ ಇಟ್ಟುಕೊಳ್ಳಿ. ಸಕ್ಕರೆಯ ಜೊತೆ ಅದು ಬೆಳ್ಳಗಾಗುವವರೆಗೆ ಕೈಯಲ್ಲಿ ತಿಕ್ಕಿ, ಹಿಟ್ಟು ಸೇರಿಸಿದ ಮೇಲೆ ಹೆಚ್ಚು ನಾದಬೇಡಿ. ಇಷ್ಟರಲ್ಲಿ ಅರ್ಧ ಕಿಲೋಗಿಂತ ಸ್ವಲ್ಪ ಹೆಚ್ಚು ಬರುತ್ತದೆ. ಅಂದರೆ ಒಂದು ಕಿಲೋ ನಾನ್‌ಖಟಾಯಿಗೆ ಹತ್ತಿರ ಹತ್ತಿರ 300 ಗ್ರಾಂ ತುಪ್ಪ. ಈ ಅಂಕಿಯನ್ನು ನೆನಪಿಟ್ಟುಕೊಳ್ಳಿ.

ಕಳೆದ ವರ್ಷ ಬಾಯಮ್ಮನ ನೆಂಟರು, ಅವರ ಪರಿಚಯದವರು ಎಂದು ಒಟ್ಟು ಆರು ಕಿಲೋ ಆರ್ಡರ್ ಬಂತು. ಕಿಲೋಗೆ 300 ರೂಪಾಯಿ ಹೇಳಿದೆ. ಬೇಕರಿಯಲ್ಲಿ ಹೆಚ್ಚುಕಡಿಮೆ ಅಷ್ಟಕ್ಕೇ ಸಿಗುತ್ತದೆ ಎಂದು ಯಾರೋ ಹೇಳಿದ್ದರು. ಡಿಸೆಂಬರ್ ಮೊದಲ ವಾರದಿಂದ ದಿನಕ್ಕೆ ನಾಲ್ಕು ಲೀಟರಿನಂತೆ ಹದಿಮೂರು ದಿನ ಹಾಲು ಉಳಿಸಿದೆ. ಹೆಪ್ಪು ಹಾಕಿ, ಕಡೆದು, ಬೆಣ್ಣೆ ಕಾಯಿಸಿ ತುಪ್ಪ ಮಾಡಿದೆ. ಆರು ಕಿಲೋ ಮಾಡಿ ಕೊಟ್ಟು 1800 ರೂಪಾಯಿ ಎಣಿಸಿ ಡಬ್ಬಿಗೆ ಹಾಕಿದಾಗ ಆದ ಸಂತೋಷ ಈಗಲೂ ನೆನಪಿದೆ. ಆ ವಾರದ ಬಟವಾಡೆ ಕಡಿಮೆ ಬಂದದ್ದನ್ನು ನೋಡಿದವಳು ಮಗಳು. ಪಾಸ್‌ಬುಕ್ ಹಿಡಿದುಕೊಂಡು ಕೂತಳು. "ಅಮ್ಮಾ, 52 ಲೀಟರು ಹಾಲು ಕಡಿಮೆ ಹಾಕಿದ್ದೀಯ. ಲೀಟರಿಗೆ 35 ರೂಪಾಯಿ ಎಂದು ಹಿಡಿದರೂ 1820 ಆಯ್ತು."

ಇಪ್ಪತ್ತು ರೂಪಾಯಿ ಕಮ್ಮಿ! ಮೈದಾ, ಸಕ್ಕರೆ, ಗ್ಯಾಸು, ಡಬ್ಬಿ ಎಲ್ಲ ಕೈಯಿಂದ ಹಾಕಿದ್ದು. ಕಿಲೋಗೆ ಸುಮಾರು ಐವತ್ತೈದು ನಾನ್‌ಖಟಾಯಿ, ಎಂಟರಂತೆ ಏಳು ಸುತ್ತು, ಅಂದರೆ ಎರಡು ಗಂಟೆ ಇಪ್ಪತ್ತು ನಿಮಿಷ ಒಲೆ ಕಾಯುವುದು. ಆರು ಕಿಲೋಗೆ ಹದಿನಾಲ್ಕು ಗಂಟೆ. ಕಡೆದದ್ದು, ತಿಕ್ಕಿದ್ದು, ಪಾತ್ರೆ ತೊಳೆದದ್ದು ಬೇರೆ. ಸುಮ್ಮನೆ ಹಾಲನ್ನು ಸಂಘಕ್ಕೆ ಹಾಕಿ ಮಲಗಿದ್ದರೆ ಹೆಚ್ಚು ದುಡ್ಡು ಬರುತ್ತಿತ್ತು.

ಅತ್ತೆ ಒಪ್ಪಲಿಲ್ಲ. "ಮಜ್ಜಿಗೆ ಉಳಿಯಿತಲ್ಲ?" ಅಂದರು. ಉಳಿಯಿತು ನಿಜ. ಕುಡಿದೆವು, ಸಾರು ಮಾಡಿದೆವು, ಆಚೀಚೆ ಮನೆಗೆ ಕೊಟ್ಟೆವು, ಕೊನೆಗೆ ಕರುವಿನ ಬಾನಿಗೂ ಹೋಯಿತು. ಅದರಲ್ಲೇ ಇದೆ ವಿಷಯ. ಸಂಘದಲ್ಲಿ ನಮಗೆ ಹಣ ಕೊಡುವುದು ಫ್ಯಾಟಿಗೆ ಮಾತ್ರವಲ್ಲ, ಎಸ್.ಎನ್.ಎಫ್.ಗೂ ಕೊಡುತ್ತಾರೆ. ಮನೆಯಲ್ಲಿ ತುಪ್ಪ ಮಾಡಿದಾಗ ನಾವು ಫ್ಯಾಟನ್ನು ಮಾತ್ರ ಮಾರುತ್ತೇವೆ, ಉಳಿದದ್ದೆಲ್ಲ ಮಜ್ಜಿಗೆಯಲ್ಲಿ ಹೋಗುತ್ತದೆ. ಡೇರಿಯಲ್ಲಿ ಹಾಗಲ್ಲ. ಕೆನೆ ತೆಗೆದ ಹಾಲು ಪುಡಿಯಾಗುತ್ತದೆ, ಮೊಸರಾಗುತ್ತದೆ, ಅದಕ್ಕೂ ಬೆಲೆ ಬರುತ್ತದೆ. ಇನ್ನು ಫ್ಯಾಟಿನಲ್ಲೂ ನಮಗೆ ಪೂರ್ತಿ ಸಿಗುವುದಿಲ್ಲ. ಹಾಲಿನ ಫ್ಯಾಟು 4 ಇದ್ದರೆ ಲೀಟರಿಗೆ 40 ಗ್ರಾಂ, ಚೂರೂ ನಷ್ಟವಾಗದಿದ್ದರೆ ಕಿಲೋ ತುಪ್ಪಕ್ಕೆ 25 ಲೀಟರು ಸಾಕು. ಮನೆಯಲ್ಲಿ ಕಡೆದಾಗ ಮಜ್ಜಿಗೆಯಲ್ಲೊಂದಿಷ್ಟು, ಪಾತ್ರೆಯಲ್ಲೊಂದಿಷ್ಟು, ಕಾಯಿಸಿದ ತುಪ್ಪದ ಗಸಿಯಲ್ಲೊಂದಿಷ್ಟು ಉಳಿದು, ನನಗೆ ಸಿಕ್ಕಿದ್ದು ಲೀಟರಿಗೆ 35 ಗ್ರಾಂ. ಅಂದರೆ ಕಿಲೋಗೆ 28 ಲೀಟರಿಗಿಂತಲೂ ಹೆಚ್ಚು. ಆ ಹಾಲಿನ ಬೆಲೆ ಸಾವಿರ ರೂಪಾಯಿ! ನಮ್ಮ ಒಕ್ಕೂಟದ ತುಪ್ಪವನ್ನೇ ಕಿಲೋಗೆ 700 ಎಂದು ಹಿಡಿದು ತಂದಿದ್ದರೂ ಮುನ್ನೂರು ಉಳಿಯುತ್ತಿತ್ತು.

ಇದನ್ನು ಕೇಳಿದಾಗ ನನಗೂ ವಿಚಿತ್ರವೆನಿಸಿತು. ಹಾಲು ಮಾರುವವಳು ಅಂಗಡಿಯಿಂದ ತುಪ್ಪ ತರುವುದೇ? ಆದರೆ ಅದು ಪರರ ತುಪ್ಪವಲ್ಲವಲ್ಲ, ನಾವೇ ಹಾಕಿದ ಹಾಲಿನದು. ಸಂಘಕ್ಕೆ ಹಾಕಿದ ಹಾಲಿಗೆ ವರ್ಷದ ಕೊನೆಯ ಬೋನಸ್ಸೂ ಇದೆ, ಸರ್ಕಾರದ ಪ್ರೋತ್ಸಾಹಧನವೂ ಇದೆ. ಮನೆಯಲ್ಲಿ ಕಡೆದ ಹಾಲಿಗೆ ಎರಡೂ ಇಲ್ಲ. ಹಾಗಾಗಿ ನನ್ನ ಅಭಿಪ್ರಾಯ ಇಷ್ಟೇ: ಮಾರಲು ಮಾಡುವ ತಿಂಡಿಗೆ ಹಾಲನ್ನು ಸಂಘಕ್ಕೆ ಹಾಕಿ, ತುಪ್ಪವನ್ನು ಒಕ್ಕೂಟದ್ದು ಕೊಳ್ಳಿ. ಮನೆಮಂದಿ ಉಣ್ಣುವ ತುಪ್ಪದ ಮಾತು ಬೇರೆ, ಮಕ್ಕಳು ಕುಡಿಯುವ ಹಾಲಿನ ಮಾತಂತೂ ಇನ್ನೂ ಬೇರೆ. ಅದನ್ನು ಉಳಿಸಿಕೊಂಡೇ ಕ್ಯಾನಿಗೆ ಸುರಿಯಬೇಕು. ಅದಕ್ಕೆ ಪಾಸ್‌ಬುಕ್ ನೋಡುವ ಅಗತ್ಯವಿಲ್ಲ. ಹೊತ್ತು ಮೀರಿಯೋ ರಸ್ತೆ ಹಾಳಾಗಿಯೋ ಒಂದು ಹೊತ್ತಿನ ಹಾಲು ಸಂಘಕ್ಕೆ ಮುಟ್ಟದೆ ಉಳಿದರೆ, ಅದನ್ನು ಹೆಪ್ಪು ಹಾಕುವುದು ಬಿಟ್ಟು ಬೇರೆ ದಾರಿಯೂ ಇಲ್ಲ.

ಇಲ್ಲೇ ಇನ್ನೊಂದು ಮಾತು. ಕೆಚ್ಚಲು ಬಾವಿಗೆ ಔಷಧಿ ಕೊಟ್ಟ ಹಸುವಿನ ಹಾಲನ್ನು ಸಂಘಕ್ಕೆ ಹಾಕುವಂತಿಲ್ಲ ಎಂದು ನಮಗೆಲ್ಲ ಗೊತ್ತು. "ಹಾಗಾದರೆ ತುಪ್ಪ ಮಾಡಿ ಬಿಸ್ಕತ್ತಿಗೆ ಹಾಕೋಣ" ಎನ್ನುವವರಿದ್ದಾರೆ. ಬೇಡ. ಡಾಕ್ಟರು ಹೇಳಿದಷ್ಟು ದಿನ ಆ ಹಾಲು ಯಾರ ಬಾಯಿಗೂ ಹೋಗಬಾರದು, ಹಬ್ಬದ ತಿಂಡಿಯಲ್ಲಂತೂ ಬೇಡವೇ ಬೇಡ.

ಈಗ ಐನೂರಕ್ಕೆ ಬರೋಣ. ಕೊಂಡ ತುಪ್ಪ 300 ಗ್ರಾಂ, 210 ರೂಪಾಯಿ. ಮೈದಾ, ಕಡಲೆ ಹಿಟ್ಟು, ಸಕ್ಕರೆ, ಏಲಕ್ಕಿ ಸೇರಿ 50. ಗ್ಯಾಸಿಗೆ 20, ಡಬ್ಬಿಗೆ 20. ಅಲ್ಲಿಗೆ ಮುನ್ನೂರು ಮುಗಿಯಿತು. ನಾನು ಕಳೆದ ವರ್ಷ ಮಾರಿದ್ದು ಅದೇ ಮುನ್ನೂರಕ್ಕೆ! ಉಳಿದ ಇನ್ನೂರು ಮೂರು ಗಂಟೆಯ ಕೆಲಸಕ್ಕೆ. ತೋಟದ ಕೆಲಸಕ್ಕೆ ಹೋದವರಿಗೆ ಗಂಟೆ ನೋಡಿ ಕೂಲಿ ಕೊಡುತ್ತೇವೆ. ನಾವೇ ನಮ್ಮ ಒಲೆಯ ಮುಂದೆ ನಿಂತರೆ ಅದು ಕೆಲಸವೇ ಅಲ್ಲ ಎಂದು ನಮಗೆ ನಾವೇ ಹೇಳಿಕೊಳ್ಳುತ್ತೇವೆ. ಬೆಲೆ ಕಡಿಮೆ ಮಾಡಿ ಎಂದು ಕೇಳುವವರೂ ಹೆಚ್ಚಾಗಿ ಹೆಂಗಸರೇ, ನನಗೆ ಬೇಸರವಾಗುವುದು ಅದಕ್ಕೆ.

"ಬೇಕರಿಯಲ್ಲಿ ಮುನ್ನೂರಕ್ಕೆ ಸಿಗುತ್ತದಲ್ಲ" ಎಂದರೆ ಸಿಗಬಹುದು. ಆದರೆ ಅದರಲ್ಲಿ ಏನಿದೆ ಎಂದು ನೋಡಿ. ಪ್ಯಾಕೆಟ್ಟಿನ ಹಿಂದೆ ಸಣ್ಣ ಅಕ್ಷರದಲ್ಲಿ ಪದಾರ್ಥಗಳ ಪಟ್ಟಿ ಇರುತ್ತದೆ. ತೂಕದಲ್ಲಿ ಹೆಚ್ಚಿರುವುದನ್ನು ಮೊದಲು ಬರೆಯಬೇಕು ಎಂದು ಕಾನೂನಿದೆ. ಮುಂದುಗಡೆ ಬೆಣ್ಣೆಯ ಚಿತ್ರ ಇರುವ ಎಷ್ಟೋ ಬಿಸ್ಕತ್ತಿನ ಹಿಂದೆ ಮೈದಾ, ಸಕ್ಕರೆ, ಪಾಮ್ ಎಣ್ಣೆ ಎಂದಿರುತ್ತದೆ, ಬೆಣ್ಣೆ ಎಲ್ಲೋ ಕೊನೆಯಲ್ಲಿ. ವನಸ್ಪತಿಯೂ ಮೊದಲಿನಷ್ಟು ಕೆಟ್ಟದ್ದಲ್ಲ ಎನ್ನಬಹುದು. ಎಣ್ಣೆ ಕೊಬ್ಬುಗಳಲ್ಲಿ ಟ್ರಾನ್ಸ್ ಫ್ಯಾಟ್ 2 ಶೇಕಡಾ ಮೀರಬಾರದು ಎಂಬ ನಿಯಮ 2022ರ ಜನವರಿಯಿಂದ ಬಂದಿದೆ. ಇರಲಿ, ನನ್ನ ತಕರಾರು ವನಸ್ಪತಿಯ ಮೇಲಲ್ಲ. ಅದನ್ನು ಹಾಕಿ ತುಪ್ಪದ್ದು ಎಂದು ಹೇಳುವುದರ ಮೇಲೆ. ಹಾಲಿಗೆ ನೀರು ಬೆರೆಸಿದವರನ್ನು ಸಂಘದ ಸಭೆಯಲ್ಲಿ ನಿಲ್ಲಿಸಿ ಕೇಳುವವರು ನಾವು. ಅರ್ಧ ತುಪ್ಪ ಅರ್ಧ ಡಾಲ್ಡಾ ಹಾಕಿ ಶುದ್ಧ ತುಪ್ಪದ ನಾನ್‌ಖಟಾಯಿ ಎಂದು ಡಬ್ಬಿಗೆ ಚೀಟಿ ಅಂಟಿಸಿದರೆ ಅದೂ ಹಾಗೆಯೇ ಅಲ್ಲವೇ? ಗಿರಾಕಿ ಬೆಲೆ ಹೆಚ್ಚಾಯಿತು ಎಂದರೆ, "ಡಾಲ್ಡಾದಲ್ಲಿ ಮಾಡಿದರೆ ಇಷ್ಟು, ತುಪ್ಪದಲ್ಲಿ ಮಾಡಿದರೆ ಇಷ್ಟು" ಎಂದು ಎರಡು ಬೆಲೆ ಹೇಳಿ. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಮನೆಯಲ್ಲಿ ಮಾಡಿ ಮಾರುವವರಿಗೂ ಎಫ್.ಎಸ್.ಎಸ್.ಎ.ಐ. ನೋಂದಣಿ ಬೇಕು. ಸಣ್ಣ ಪ್ರಮಾಣದವರಿಗೆ ಅದು ಸುಲಭ, ಆನ್‌ಲೈನಿನಲ್ಲೇ ಆಗುತ್ತದೆ. ಹೋದ ತಿಂಗಳು ಮಗಳು ಮಾಡಿಸಿಕೊಟ್ಟಳು.

ಹಬ್ಬಕ್ಕೂ ಲೆಕ್ಕವೇ ಎಂದು ಬಾಯಮ್ಮ ಕೇಳಿದರು. ಅವರ ಮಾತಿನಲ್ಲೂ ನ್ಯಾಯವಿದೆ. ಚೌತಿಗೆ ನಮ್ಮಿಂದ ಮೋದಕ, ಕ್ರಿಸ್‌ಮಸ್‌ಗೆ ಅವರಿಂದ ಕುಸ್ವಾರ್ ತಟ್ಟೆ, ಇದು ನಾನು ಮದುವೆಯಾಗಿ ಬಂದಂದಿನಿಂದ ನಡೆದುಬಂದಿದೆ. ಆ ತಟ್ಟೆಗೆ ಯಾರೂ ಬೆಲೆ ಕಟ್ಟುವುದಿಲ್ಲ. ಅವರ ಮನೆಯ ಒಂದು ಕಿಲೋಗೆ ಈ ವರ್ಷವೂ ನಾನು ದುಡ್ಡು ತೆಗೆದುಕೊಳ್ಳುವುದಿಲ್ಲ, ಅದಕ್ಕೆ ಮನೆಯಲ್ಲೇ ಕಡೆದ ತುಪ್ಪ ತೆಗೆದಿಟ್ಟಿದ್ದೇನೆ. ಆದರೆ ಅವರ ನೆಂಟರ ಪರಿಚಯದವರ ಪರಿಚಯದವರು ಫೋನಿನಲ್ಲಿ ಹೇಳುವ ಆರ್ಡರು ಹಬ್ಬವಲ್ಲ, ವ್ಯಾಪಾರ.

ಕೊನೆಯದಾಗಿ ಒಕ್ಕೂಟದವರಲ್ಲಿ ಒಂದು ಕೇಳಿಕೆ. ನಂದಿನಿ ಹೆಸರಿನಲ್ಲೇ ಕುಕ್ಕಿಗಳು, ಕೇಕುಗಳು ಮಾರುಕಟ್ಟೆಗೆ ಬಂದಿವೆ, ಸಂತೋಷ. ಅದರ ಜೊತೆಗೆ ನವೆಂಬರ್, ಡಿಸೆಂಬರ್ ಎರಡು ತಿಂಗಳು ಮಹಿಳಾ ಸಂಘಗಳಿಗೆ ತುಪ್ಪದ 15 ಕಿಲೋ ಡಬ್ಬವನ್ನೂ ಉಪ್ಪಿಲ್ಲದ ಬೆಣ್ಣೆಯನ್ನೂ ಡೀಲರುಗಳಿಗೆ ಕೊಡುವ ದರದಲ್ಲಿ ಕೊಡಬಹುದೇ? ಹಣವನ್ನು ಬಟವಾಡೆಯಲ್ಲಿ ಕಳೆದುಕೊಳ್ಳಲಿ. ಒಂದು ಡಬ್ಬ ತುಪ್ಪಕ್ಕೆ ಐವತ್ತು ಕಿಲೋ ನಾನ್‌ಖಟಾಯಿ ಆಗುತ್ತದೆ. ಹತ್ತು ಹೆಂಗಸರು ಹಂಚಿಕೊಂಡರೆ ಒಬ್ಬೊಬ್ಬರಿಗೆ ಐದು ಕಿಲೋ. ಮುಂದಿನ ಮಹಾಸಭೆಯಲ್ಲಿ ಈ ವಿಷಯವನ್ನು ನಮ್ಮ ಸಂಘದಿಂದ ಎತ್ತಬೇಕೆಂದು ಅಧ್ಯಕ್ಷರಿಗೆ ಈಗಾಗಲೇ ಹೇಳಿದ್ದೇನೆ. ಬೇರೆ ಸಂಘದವರೂ ಎತ್ತಿದರೆ ಬಲ ಬರುತ್ತದೆ.

ಸಾಲಿನಲ್ಲಿ ಕೇಳಿದಾಕೆ ಎರಡು ಕಿಲೋ ಬೇಡ ಅಂದರು. ಇನ್ನೊಬ್ಬರೂ ಬಿಟ್ಟರು. ಇದನ್ನು ಬರೆಯುವ ಹೊತ್ತಿಗೆ ಐನೂರಕ್ಕೆ ಒಪ್ಪಿದವರು ಮೂವರು, ಒಟ್ಟು ನಾಲ್ಕು ಕಿಲೋ. ಕಳೆದ ವರ್ಷಕ್ಕಿಂತ ಎರಡು ಕಿಲೋ ಕಡಿಮೆ. ಹಾಲು ಮಾತ್ರ ಎರಡೂ ಹೊತ್ತು ಪೂರ್ತಿ ಸಂಘಕ್ಕೆ ಹೋಗುತ್ತಿದೆ.